ಭಾವ ಮತ್ತು ಮೂರನೇ ತಂತಿ

ನಿನ್ನೆ ಸಂಜೆ ಹಾಲ್‌ನಲ್ಲಿ ಟಣ್ ಅಂತ ಒಂದು ಶಬ್ದ ಬಂತು. ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಭಾವ ಹೇಳಿದ್ರು, "ತಂತಿ ಡೂಪ್ಲಿಕೇಟ್ ಕಣೋ."

ತಂತಿ ಹಾಕಿ ಹನ್ನೊಂದು ದಿನ ಆಗಿತ್ತು ಅಷ್ಟೇ.

ಅಪ್ಪನ ಹಳೇ ಅಕೌಸ್ಟಿಕ್ ಗಿಟಾರು ಅದು. ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದು ಬಿದ್ದು ತಂತಿ ಸಿಕ್ಕಿಸೋ ಬ್ರಿಡ್ಜ್ ಎದ್ದು, ಉದ್ದ ಕತ್ತು ಅಂದ್ರೆ ನೆಕ್ ಮುಂದಕ್ಕೆ ಬಾಗಿ, ತಂತಿಗೂ ನೆಕ್ ಮೇಲಿನ ಲೋಹದ ಪಟ್ಟಿ ಅಂದ್ರೆ ಫ್ರೆಟ್‌ಗೂ ಮಧ್ಯೆ ಪೆನ್ಸಿಲ್ ತೂರಿಸೋ ಅಷ್ಟು ಸಂದು ಆಗಿತ್ತು. ತಪ್ಪು ಅದರದ್ದೂ ಅಲ್ಲ ಬಿಡಿ, ಆರು ಸ್ಟೀಲ್ ತಂತಿ ಸೇರಿ ಹತ್ತಿರ ಹತ್ತಿರ 70 ಕೆಜಿ ಎಳೀತಾನೇ ಇರ್ತವೆ, ಹಗಲು ರಾತ್ರಿ, ನಾವು ನುಡಿಸಿದ್ರೂ ನುಡಿಸದಿದ್ರೂ. ರಿಪೇರಿಯವರು ಐದು ತಿಂಗಳು ಇಟ್ಕೊಂಡ್ರು. ಹಳೇ ಕಾಲದ ಚರ್ಮದ ಅಂಟು ಹಾಕಿದ್ದಕ್ಕೆ ಬಚಾವಾದೆ, ಅದು ಹಬೆ ಕೊಟ್ರೆ ಬಿಟ್ಕೊಳ್ಳುತ್ತಂತೆ, ನೆಕ್ ಬಿಚ್ಚಿ ಕೋನ ಸರಿಮಾಡಿ ಮತ್ತೆ ಕೂರಿಸಿದ್ರು, ಸವೆದ ಫ್ರೆಟ್ ಕಿತ್ತು ಹೊಸದು ಹಾಕಿದ್ರು. ಮನೆಗೆ ಬಂದಾಗಿನಿಂದ ಬಾಣಂತಿ ಥರ ನೋಡ್ಕೋತಿದೀನಿ. ಬಿಸಿಲು ತಾಗಬಾರದು, ಫ್ಯಾನ್ ಕೆಳಗೆ ಇಡಬಾರದು, ಗಾಳೀಲಿ ತೇವ 45ರಿಂದ 55 ಪರ್ಸೆಂಟ್ ಒಳಗೇ ಇರಬೇಕು. ಅದನ್ನ ಅಳೆಯೋಕೆ ಮೀಟರ್ ಬೇರೆ ತಂದಿದೀನಿ, ನನ್ನ ಬಿಪಿ ನೋಡ್ಕೊಂಡು ಎಷ್ಟು ದಿನ ಆಯ್ತೋ ಗೊತ್ತಿಲ್ಲ.

ಇಷ್ಟೆಲ್ಲಾ ಮಾಡಿದ ಮೇಲೆ ಭಾವ ಬರ್ತಾರೆ.

ಭಾವನಿಗೆ ಗಿಟಾರ್ ಬರಲ್ಲ. ತಂತಿ ಬಿಗಿ ಮಾಡೋ ಕೀಲಿ ತಿರುಗಿಸೋದು ಮಾತ್ರ ಬರುತ್ತೆ. ಚಪ್ಪಲಿ ಬಿಟ್ಟವರೇ ಸೀದಾ ಬಂದು ಗಿಟಾರ್ ತೊಡೆ ಮೇಲಿಟ್ಕೊಂಡು, ಒಂದ್ಸಲ ಬರ‍್ರ್ ಅಂತ ಕೈಯಾಡ್ಸಿ, ಹಲ್ಲುನೋವು ಬಂದವರ ಥರ ಮುಖ ಮಾಡಿ, "ಶ್ರುತಿ ಜಾಸ್ತಿ ಆಯ್ತು" ಅಂತಾರೆ. ನಾನು ಮೊಬೈಲ್‌ನಲ್ಲಿ ಟ್ಯೂನರ್ ಆಪ್ ತೆಗೆದು ತೋರಿಸ್ತೀನಿ, ಆರೂ ತಂತಿಗೂ ಹಸಿರು. "ಆಪ್‌ಗೇನು ಗೊತ್ತು? ಮಾವ ನುಡಿಸ್ತಿದ್ದಾಗ ಇಷ್ಟು ಕೀರಲು ಇರಲಿಲ್ಲ." ಭಾವ, ಇದು 440, ಎ ಸ್ವರಕ್ಕೆ ಸೆಕೆಂಡಿಗೆ ಅಷ್ಟು ಕಂಪನ, 1939ರಲ್ಲಿ ಲಂಡನ್‌ನಲ್ಲಿ ಸಭೆ ಸೇರಿ ಒಪ್ಪಿಕೊಂಡಿರೋ ಲೆಕ್ಕ ಅಂದೆ ಒಂದ್ಸಲ. "ಆ ಮೀಟಿಂಗಿಗೆ ಮಾವನ್ನ ಕರೆದಿದ್ರಾ?" ಅಂದ್ರು. ಏನು ಹೇಳೋದು ಇದಕ್ಕೆ?

ನಿನ್ನೆಯೂ ಹಂಗೇ ಶುರುವಾಯ್ತು. ನನಗೆ ಒಳಗಡೆ ಫೋನ್ ಬಂತು, ಅದೇ ತಪ್ಪಾಗಿದ್ದು. ಮಾತಾಡ್ತಾ ಮಾತಾಡ್ತಾ ಹಾಲ್‌ನಿಂದ ಟಿಂಯ್ ಅಂತ ಕೇಳ್ತು, ಮತ್ತೆ ಟಿಂಯ್, ಮತ್ತೆ ಅದೇ ಟಿಂಯ್, ಒಂದು ಚೂರೂ ಬದಲಾಗ್ತಿಲ್ಲ. ಬಾಗಿಲಿಗೆ ಬಂದು ನೋಡ್ತೀನಿ, ಭಾವ ಬೆರಳಲ್ಲಿ ಮೀಟ್ತಿರೋದು ಎರಡನೇ ತಂತಿ, ತಿರುಗಿಸ್ತಿರೋದು ಮೂರನೇ ತಂತಿಯ ಕೀಲಿ. "ಮೊದ್ಲು ಜಾಸ್ತಿ ಸಡಿಲ ಆಗೋಯ್ತು ಕಣೋ, ಈಗ ಏರ್ತಾನೇ ಇಲ್ಲ" ಅಂತ ನನಗೇ ಕಂಪ್ಲೇಂಟು. ಕಿವಿ ತಂತಿ ಹತ್ರ ಇಟ್ಟು, ಕಣ್ಣು ಮುಚ್ಚಿ, ಮತ್ತೊಂದು ಸುತ್ತು. ಭಾವಾ ಬಿಡಿ ಅನ್ನೋಕೆ ಬಾಯಿ ತೆಗೆದೆ, "ಭಾ" ಅಂದೆ, ಟಣ್.

ಮೂರನೇ ತಂತಿ ಹೊರಗಿಂದ ದಪ್ಪ ಕಾಣುತ್ತೆ, ಮೇಲೆ ಸುತ್ತಿರೋದು ಅಷ್ಟೇ, ಒಳಗಿನ ಎಳೆ ತೆಳ್ಳಗೆ. ಭಾವನ ಮೂಗಿಗೆ ತಾಗಲಿಲ್ಲವಲ್ಲ ಅಂತ ಸಮಾಧಾನ ಆಯ್ತು. ಪೂರ್ತಿ ಆಯ್ತು ಅಂತ ಹೇಳಲಾರೆ.

ಇವತ್ತು ಬೆಳಗ್ಗೆ ಹೊಸ ತಂತಿ ಹಾಕೋಕೆ ಡ್ರಾಯರ್ ತಡಕಾಡಿದಾಗ ರಿಪೇರಿಯವರು ಕೊಟ್ಟಿದ್ದ ಚಿಕ್ಕ ಪೊಟ್ಟಣ ಸಿಕ್ತು, ಕಿತ್ತ ಹಳೇ ಫ್ರೆಟ್‌ಗಳು. ಮೊದಲ ಮೂರರಲ್ಲಿ ಮಾತ್ರ ತಂತಿ ತಾಗೋ ಕಡೆ ಗುಂಡಿ ಬಿದ್ದಿವೆ, ಉಗುರು ಕೂರುತ್ತೆ. ಉಳಿದವು ಹೊಸದರ ಥರಾನೇ ಇವೆ. "ನಿಮ್ಮಪ್ಪ ಮೂರನೇ ಫ್ರೆಟ್ ದಾಟೇ ಇಲ್ಲ ಸರ್" ಅಂತ ಅವರು ನಕ್ಕಿದ್ರು. ಜಿ, ಸಿ, ಡಿ ಅನ್ನೋ ಮೂರು ಕಾರ್ಡ್, ಅಷ್ಟೇ. ನನಗೂ ಬರೋದು ಅಷ್ಟೇ. ಇನ್ನೊಂದು ಮಾತೂ ಹೇಳಿದ್ರು ಅವತ್ತು, ನೆಕ್ ಆಗ್ಲೇ ಸ್ವಲ್ಪ ಬಾಗಿದ್ರೂ ನುಡಿಸ್ತಿದ್ರು ಅಂದ್ರೆ ತಂತಿ ಸ್ವಲ್ಪ ಇಳಿಸಿಯೇ ಇಟ್ಕೊಂಡಿರಬೇಕು ಅಂತ. ನಾನು ತಲೆ ಕೆಡಿಸ್ಕೊಂಡಿರಲಿಲ್ಲ.

ಆರೂ ತಂತಿ ಅರ್ಧ ಸ್ವರ ಇಳಿಸಿ ಜಿ ಹಿಡಿದೆ. ಪಕ್ಕದ ರೂಮಲ್ಲಿ ಅಪ್ಪ ಕೂತಿದ್ದ ಹಾಗೇ ಕೇಳ್ತು. ಆಪ್ ಪೂರ್ತಿ ಕೆಂಪು. ಮೊಬೈಲ್ ಮಗುಚಿ ಇಟ್ಟು ಇನ್ನೊಂದ್ಸಲ ನುಡಿಸಿದೆ.

ಭಾವನಿಗೆ ಇದನ್ನ ಸತ್ರೂ ಹೇಳಲ್ಲ. ಭಾನುವಾರ ಮತ್ತೆ ಬರ್ತಾರಂತೆ, ಗಿಟಾರ್ ಕೇಸಿನ ಬೀಗದ ಕೈ ಹುಡುಕ್ತಾ ಇದೀನಿ.