ಹೊಟ್ಟೆ ಅವಳ್ದು, ಸೈನ್ ಅವನ್ದು

ಚಿಕ್ಕಮ್ಮನ ಮಗಳಿಗೆ ಎರಡು ಮಕ್ಳಾಯ್ತು, ಸಾಕು ಅಂತ ಆಪ್ರೇಷನ್‌ಗೆ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಬೆಳಗ್ಗೆ 7ಕ್ಕೇ ಖಾಲಿ ಹೊಟ್ಟೇಲಿ ಬೆಂಚ್ ಮೇಲೆ ಕೂತ್ಲು, ನೈಟಿ ಮೇಲೆ ಟವೆಲ್ ಹೊದ್ಕೊಂಡು, ಪಕ್ಕದಲ್ಲಿ ಅದೇ ಥರ ಇನ್ನೂ ಹದಿನೈದು ನೈಟಿ-ಟವೆಲ್ಲುಗಳು. ಹತ್ತೂವರೆಗೆ ಸಿಸ್ಟರ್ ಬಂದು ಫಾರಂ ತಿರುವಿ ನೋಡಿ "ಗಂಡನ ಸೈನ್ ಎಲ್ಲಮ್ಮಾ?" ಅಂದ್ರು. ಲಾರಿ ತಗೊಂಡು ಹುಬ್ಬಳ್ಳಿಗೆ ಹೋಗಿದಾರೆ ಮೇಡಂ. "ಹಂಗಾದ್ರೆ ಅವ್ರು ಬಂದ್ಮೇಲೆ ಬಾ."

ಗಂಡನ ಒಪ್ಪಿಗೆ ಬೇಕಿಲ್ಲ ಅಂತ ಕೇಂದ್ರ ಆರೋಗ್ಯ ಇಲಾಖೆ ಮಾರ್ಗಸೂಚೀಲೇ ಇದೆ. ಮೊಬೈಲಲ್ಲಿ ತೆಗ್ದು ತೋರಿಸ್ದೆ. ಸಿಸ್ಟರ್ ಕನ್ನಡಕ ಏರಿಸ್ಕೊಂಡು ಪೂರ್ತಿ ಓದಿ, "ಅದು ಡೆಲ್ಲೀಲಿ ಸಾರ್" ಅಂದ್ರು.

ಇನ್ನು ರೇಟ್ ಕೇಳಿ. ಗಂಡಸಿಗೆ ಹೊಲಿಗೆ ಇಲ್ಲ, ಅಡ್ಮಿಟ್ ಆಗೋದಿಲ್ಲ, ಒಂದ್ ಸಿನಿಮಾ ಇಂಟರ್ವಲ್ಲಲ್ಲಿ ಮುಗಿಯೋ ಕೆಲ್ಸ, ಅದಕ್ಕೆ ಸರ್ಕಾರ ಕೊಡೋದು 1100 ರೂಪಾಯಿ. ಹೊಟ್ಟೆ ಕೊಯ್ಸ್ಕೊಳ್ಳೋಳಿಗೆ ಬಿಪಿಎಲ್ ಕಾರ್ಡಿದ್ರೆ ಅಥವಾ ಎಸ್ಸಿ-ಎಸ್ಟಿ ಆದ್ರೆ 600, ಇಲ್ಲಾಂದ್ರೆ 250. ಇಷ್ಟು ಆಫರ್ ಇದ್ರೂ ಗಿರಾಕಿನೇ ಇಲ್ಲ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15-49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ತಾವೇ ಆಪ್ರೇಷನ್ ಮಾಡಿಸ್ಕೊಂಡೋರು 37.9 ಪರ್ಸೆಂಟ್, ಗಂಡಂಗೆ ಆಗಿರೋದು 0.3. (ನೀನು ಮಾಡಿಸ್ಕೊಂಡಿದೀಯಾ ಅಂತ ಮಾತ್ರ ನನ್ನ ಕೇಳ್ಬೇಡಿ.) ಎಮರ್ಜೆನ್ಸೀಲಿ ಗಂಡಸರನ್ನ ಹಿಡ್ಕೊಂಡ್ಹೋಗಿ ಮಾಡಿದ್ರು, 1976-77 ಒಂದೇ ವರ್ಷಕ್ಕೆ 60 ಲಕ್ಷ ದಾಟ್ತು, ಎಲೆಕ್ಷನ್ನಲ್ಲಿ ಸರ್ಕಾರನೇ ಮಗುಚಿ ಬಿತ್ತು, ಅವತ್ತಿಂದ ಗಂಡಸರ ಪಂಚೆ ತಂಟೆಗೆ ಹೋಗೋ ಧೈರ್ಯ ಯಾವ ಪಾರ್ಟಿಗೂ ಬಂದಿಲ್ಲ. ವರ್ಷಕ್ಕೊಂದ್ಸಲ ನವೆಂಬರ್ 21ರಿಂದ ಗಂಡಸರ ಆಪ್ರೇಷನ್‌ಗೆ ಅಂತಾನೇ ಹದಿನೈದು ದಿನದ ಪ್ರಚಾರ ನಡೆಯತ್ತೆ, ಆಶಾ ಅಕ್ಕ ಪಾಂಪ್ಲೆಟ್ ಹಿಡ್ಕೊಂಡು ಮುಂದಿನ ಬಾಗ್ಲಿಗೆ ಬಂದ್ರೆ ಯಜಮಾನ್ರು ಹಿತ್ತಲ ಬಾಗ್ಲಿಂದ ಪರಾರಿ.

ಹೆಂಗಸರದ್ದು ಬಿಡಿ, ಲೈನಲ್ಲಿ ಮಲಗಿಸ್ಬಹುದು. ಅದೂ ಬಡವ್ರನ್ನ. 2014ರ ನವೆಂಬರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೇಲಿ ಒಬ್ಬ ಡಾಕ್ಟ್ರು ಕೆಲವೇ ಗಂಟೇಲಿ 83 ಜನಕ್ಕೆ ಮಾಡಿದ್ರು, ಆ ವಾರದ ಕ್ಯಾಂಪುಗಳಿಗೆ ಬಂದಿದ್ದವ್ರಲ್ಲಿ 13 ಹೆಂಗಸ್ರು ಸತ್ರು. ಇಂಥ ಕ್ಯಾಂಪ್ ಮೂರು ವರ್ಷದಲ್ಲಿ ನಿಲ್ಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟೇ ಹೇಳ್ತು. ನಾವ್ ಹೋದ ಆಸ್ಪತ್ರೇಲಿ ಈಗ ಕ್ಯಾಂಪ್ ಅನ್ನಲ್ಲ, 'ಫಿಕ್ಸೆಡ್ ಡೇ' ಅಂತಾರೆ. ನೈಟಿಗಳು ಅವೇ.

ನಮ್ಮ ಆಫೀಸಿನ ಮೇಡಂ ಒಬ್ರು ಸಿಸೇರಿಯನ್ ಜೊತೆಗೇ ನರ್ಸಿಂಗ್ ಹೋಮಲ್ಲಿ ಮಾಡಿಸ್ಕೊಂಡ್ರು, ಎಸಿ ರೂಮು, ಟೀವಿ ಬೇರೆ. ಸೈನ್ ಅಲ್ಲೂ ಗಂಡಂದೇ, ಆದ್ರೆ ವಾಟ್ಸಾಪಲ್ಲಿ ಫೋಟೋ ಕಳ್ಸಿದ್ರೆ ನಡೀತಂತೆ.

ನಮ್ಮ ಹುಡುಗಿ ಅತ್ತೆ ಹತ್ರ ನಾನು ಮೆಲ್ಲಗೆ, ಅಳಿಯಂದ್ರಿಗೇ ಮಾಡಿಸ್ಬಹುದಲ್ಲಾ ಅಂದೆ. "ಅಯ್ಯೋ ಬ್ಯಾಡಪ್ಪಾ, ಭಾರ ಎತ್ತೋ ಗಂಡಸು, ವೀಕ್ ಆಗ್ಬಿಡ್ತಾನೆ" ಅಂದ್ರು. ಲಾರೀಲಿ ಲೋಡ್ ಎತ್ತೋರು ಹಮಾಲ್ರು, ಇವನು ಸ್ಟೀರಿಂಗ್ ತಿರುಗಿಸ್ತಾನೆ ಅಷ್ಟೇ. ಮನೇಲಿ ಬೋರ್‌ವೆಲ್ಲಿಂದ ದಿನಾ ಎಂಟು ಕೊಡ ನೀರು ಹೊರೋಳು ಇವಳು.

ಮುಂದಿನ ವಾರ ಗಂಡ ಬಂದ, ಮೂರು ಕಡೆ ಸೈನ್ ಹಾಕ್ದ, ಆಪ್ರೇಷನ್ ಆಯ್ತು. ಅವ್ಳು ಮಂಪರಲ್ಲಿ ಮಲಗಿದ್ಲು, ಅತ್ತೆ ಗೇಟಿನ ಹತ್ರ ಹೋಗಿ ಒಂದು ಎಳನೀರು ಕೊಚ್ಚಿಸ್ಕೊಂಡು ಬಂದು ಸ್ಟ್ರಾ ಹಾಕಿ ನೇರ ಮಗನ ಕೈಗೆ ಕೊಟ್ರು. "ಪಾಪ, ರಾತ್ರಿಯೆಲ್ಲಾ ನಿದ್ದೆಗೆಟ್ಟು ಬಂದಿದಾನೆ."