ಸತ್ಯಾಂಶ: ಸಿಆರ್‌ಪಿ ನಾರ್ಮಲ್ ಇದ್ದರೆ ಪಾದದ ಗಾಯಕ್ಕೆ ಸೋಂಕಿಲ್ಲವೇ?

ಡೊಂಬಿವಲಿಯ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಈ ಮಳೆಗಾಲದಲ್ಲಿ ಮೂರನೆಯ ಸಲ ಬಂದ ಸಂದೇಶ: ‘ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಹೆದರಬೇಡಿ. ಜ್ವರವಿಲ್ಲ, ಸಿಆರ್‌ಪಿ ನಾರ್ಮಲ್ ಎಂದರೆ ಸೋಂಕಿಲ್ಲ. ಅರಿಸಿನ ಹಚ್ಚಿ ಸಾಕು.’

ಇದು ತಪ್ಪು. (ಸಿಆರ್‌ಪಿ ಎಂದರೆ ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನು.) ಸೋಂಕನ್ನು ಮೊದಲು ಹಿಡಿಯುವುದು ಪ್ರಯೋಗಾಲಯವಲ್ಲ, ಗಾಯವನ್ನು ನೋಡಿ ಮುಟ್ಟುವ ವೈದ್ಯರು. ಕೆಂಪು, ಊತ, ಬಿಸಿ, ನೋವು, ಕೀವು, ಇವುಗಳಲ್ಲಿ ಎರಡು ಕಂಡರೆ ಸೋಂಕೆಂದೇ ಎಣಿಸುತ್ತಾರೆ. ನರಗಳು ಮಂಕಾದ ಪಾದದಲ್ಲಿ ನೋವೇ ತಿಳಿಯದಿರಬಹುದು. ಗಂಭೀರ ಸೋಂಕಿದ್ದರೂ ಅನೇಕರಿಗೆ ಜ್ವರ ಬರುವುದಿಲ್ಲ.

ಹಾಗೆಂದು ರಕ್ತಪರೀಕ್ಷೆ ದಂಡವಲ್ಲ. ಯಕೃತ್ತು ತಯಾರಿಸುವ ಸಿಆರ್‌ಪಿ ಕೆಲವೇ ಗಂಟೆಗಳಲ್ಲಿ ಏರಿ, ಚಿಕಿತ್ಸೆ ಫಲಿಸಿದರೆ ದಿನಗಳಲ್ಲಿ ಇಳಿಯುತ್ತದೆ. ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗದಿಂದ ಉರಿಯೂತವನ್ನು ಅಂದಾಜಿಸುವ ಇನ್ನೊಂದು ಪರೀಕ್ಷೆ ಇಎಸ್‌ಆರ್ ನಿಧಾನಿ, ಇಳಿಯಲು ವಾರಗಳೇ ಬೇಕು. ಅದು ಗಂಟೆಗೆ 70 ಮಿಲಿಮೀಟರ್ ದಾಟಿದರೆ ಸೋಂಕು ಮೂಳೆಗೆ ಇಳಿದಿದೆಯೇ ಎಂಬ ಅನುಮಾನ ಬಲವಾಗುತ್ತದೆ. ಆಗ ಎಕ್ಸ್‌ರೇ, ಬೇಕಾದರೆ ಎಂಆರ್‌ಐ.

ಇನ್ನು ‘ಎಚ್‌ಬಿಎ1ಸಿ ಚೆನ್ನಾಗಿದೆ’ ಎಂಬ ಸಮಾಧಾನ. ಅದು ರಕ್ತದ ಸಕ್ಕರೆಯ ಕಳೆದ ಎರಡು ಮೂರು ತಿಂಗಳ ಸರಾಸರಿ. ಮೊನ್ನೆ ಹತ್ತಿದ ಸೋಂಕು ಅದರಲ್ಲಿ ಕಾಣುವುದಿಲ್ಲ. ಆದರೆ ಸೋಂಕು ಬಂದಾಗ ಉಕ್ಕುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಊಟ, ಮಾತ್ರೆ ಎಂದಿನಂತಿದ್ದೂ ಗ್ಲುಕೋಮೀಟರ್ ದಿಢೀರನೆ ಮೇಲೇರಿದರೆ, ಮಾವಿನ ಹಣ್ಣನ್ನು ದೂರುವ ಮೊದಲು ಪಾದ ನೋಡಿಕೊಳ್ಳಿ. ನಿಲ್ದಾಣದಿಂದ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದ ಸಂಜೆಯಂತೂ ತೊಳೆದು, ಬೆರಳ ಸಂದು ಒರೆಸಿ, ಕನ್ನಡಿ ಹಿಡಿದು ಅಂಗಾಲನ್ನೂ ನೋಡಿ. ಗಾಯ ಕಂಡರೆ ಮರುದಿನವೇ ವೈದ್ಯರಿಗೆ ತೋರಿಸಿ. ಕೀವು ಅಥವಾ ಕಪ್ಪು ಬಣ್ಣವಿದ್ದರೆ ಅಂದೇ.