ಆಫೀಸಿನ ಲ್ಯಾನ್ ಪಾಯಿಂಟಿಗೆ ಮನೆಯ ರೂಟರ್ ಹಾಕಬೇಡಿ, ಹಾಕಿದವರನ್ನು ಬೈಯಲೂಬೇಡಿ

ಆಫೀಸಿನ ಮೇಜಿನ ಕೆಳಗೆ ಸ್ವಂತ ವೈಫೈ ರೂಟರ್ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ. ಗೋಡೆಯಲ್ಲಿ ನೆಟ್‌ವರ್ಕ್ ವೈರ್ ಸಿಕ್ಕಿಸುವ ಲ್ಯಾನ್ ಪಾಯಿಂಟ್ ಇದೆ, ಮನೆಯಲ್ಲಿ ಹಳೇ ರೂಟರ್ ಸುಮ್ನೆ ಬಿದ್ದಿದೆ, ಕೂತ ಜಾಗದಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ತಂದು ಸಿಕ್ಕಿಸಿದರೆ ಯಾರಿಗೇನು ನಷ್ಟ ಅಂತ ಅನ್ನಿಸುವುದು ಸಹಜ. ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ, ಹಾಗಾಗಿ ನಷ್ಟ ಯಾರಿಗೆ ಆಗುತ್ತದೆ ಅಂತ ನನಗೆ ಕಾಣುತ್ತದೆ.

ಕಂಪ್ಯೂಟರ್ ಆನ್ ಆಗಿ ನೆಟ್‌ವರ್ಕಿಗೆ ಸೇರಿದ ತಕ್ಷಣ "ನನಗೊಂದು ಐಪಿ ಅಡ್ರೆಸ್ ಬೇಕು" (ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರ್) ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಅದಕ್ಕೆ ಉತ್ತರ ಕೊಡಬೇಕಾದ್ದು ಅಡ್ರೆಸ್ ಹಂಚುವ ಆಫೀಸಿನ ಡಿಎಚ್‌ಸಿಪಿ ಸರ್ವರ್. ಆದರೆ ನಿಮ್ಮ ಮನೆಯ ರೂಟರಿನೊಳಗೂ ಅಂಥದ್ದೇ ಒಂದು ಸರ್ವರ್ ಕೂತಿರುತ್ತದೆ. ಗೋಡೆಯ ವೈರನ್ನು ರೂಟರಿಗೆ ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗೆ ಹಾಕುವ ಬದಲು ಪಕ್ಕದ, ಕಂಪ್ಯೂಟರುಗಳನ್ನು ಸೇರಿಸುವ ಲ್ಯಾನ್ ಪೋರ್ಟಿಗೆ ಹಾಕಿದರೆ ಅದು ಆ ಮಹಡಿಗೆಲ್ಲ 192.168.0 ಅಥವಾ 192.168.1 ಸಾಲಿನ ಅಡ್ರೆಸ್ ಹಂಚಲು ಶುರು ಮಾಡುತ್ತದೆ. ಸಾಮಾನ್ಯವಾಗಿ ಕಂಪ್ಯೂಟರ್ ಮೊದಲು ಬಂದ ಉತ್ತರವನ್ನೇ ಒಪ್ಪಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದರ ಪಾಲಿಗೆ ಹೊರಗಿನ ದಾರಿ ಅಂದರೆ ಆ ರೂಟರೇ, ಅದಕ್ಕೋ ಇಂಟರ್ನೆಟ್ಟೇ ಇಲ್ಲ. ಸ್ಕ್ರೀನ್ ಮೇಲೆ ಕನೆಕ್ಟೆಡ್ ಅಂತ ಬರುತ್ತದೆ, ಒಂದು ಪೇಜೂ ತೆರೆಯುವುದಿಲ್ಲ.

ಇದನ್ನು ಹುಡುಕುವುದು ಯಾಕೆ ಇಷ್ಟು ಕಷ್ಟ ಅಂದರೆ, ಎಲ್ಲರಿಗೂ ಒಟ್ಟಿಗೆ ನೆಟ್ ಹೋಗುವುದಿಲ್ಲ. ಹಳೇ ಅಡ್ರೆಸ್ಸಿನ ಅವಧಿ ಇನ್ನೂ ಮುಗಿಯದವರಿಗೆ ಎಲ್ಲ ಸರಿ ಇರುತ್ತದೆ. ಈಗಷ್ಟೇ ಬಂದು ಸಿಸ್ಟಮ್ ಆನ್ ಮಾಡಿದವರು ಸಿಕ್ಕಿಬೀಳುತ್ತಾರೆ. ಅಕೌಂಟ್ಸ್ ಮೇಡಂ ಫೀಸ್ ರಸೀದಿ ಪ್ರಿಂಟ್ ಕೊಡಲಾಗದೆ ಕೂತಿರುತ್ತಾರೆ, ಕೌಂಟರಿನ ಮುಂದೆ ಮಕ್ಕಳ ಸಾಲು ಬೆಳೆಯುತ್ತಿರುತ್ತದೆ, ಪಕ್ಕದ ಟೇಬಲಿನವರು "ನನ್ನದು ಚೆನ್ನಾಗೇ ಇದೆಯಲ್ಲ" ಅನ್ನುತ್ತಾರೆ. ಎಲ್ಲ ಲ್ಯಾನ್ ವೈರುಗಳು ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಅನ್ನುತ್ತಾರೆ. ಒಳ್ಳೆಯ ಸ್ವಿಚ್ ಇದ್ದರೆ ಆ ರೂಟರಿನ ಮ್ಯಾಕ್ ಅಡ್ರೆಸ್ (ಸಾಧನದ ಗುರುತಿನ ಸಂಖ್ಯೆ) ಹಿಡಿದು ಯಾವ ಪೋರ್ಟಿನಿಂದ ಬರುತ್ತಿದೆ ಅಂತ ನೋಡಬಹುದು. ಸಾದಾ ಸ್ವಿಚ್ ಇರುವ ಕಡೆ ಒಂದೊಂದೇ ವೈರ್ ಕಿತ್ತು ನೋಡಬೇಕು, ಬೇರೆ ದಾರಿ ಇಲ್ಲ.

ಸರಿ, ವ್ಯಾನ್ ಪೋರ್ಟಿಗೇ ಹಾಕಿದಿರಿ ಅನ್ನಿ. ಆಗ ಯಾರ ನೆಟ್ಟೂ ಹೋಗುವುದಿಲ್ಲ, ನಿಜ. ಆದರೆ ನಿಮ್ಮ ರೂಟರಿಗೆ ಸೇರಿದ ಅಷ್ಟೂ ಫೋನು, ಲ್ಯಾಪ್‌ಟಾಪುಗಳು ಆಫೀಸಿನ ಲಾಗ್‌ನಲ್ಲಿ, ಅಂದರೆ ನೆಟ್ ಬಳಕೆಯ ದಾಖಲೆಯಲ್ಲಿ, ಒಂದೇ ಅಡ್ರೆಸ್ಸಾಗಿ ಕಾಣುತ್ತವೆ, ಅದು ನಿಮ್ಮ ಟೇಬಲಿನ ಪೋರ್ಟಿನ ಅಡ್ರೆಸ್. ನಿಮ್ಮಿಂದ ಪಾಸ್‌ವರ್ಡ್ ಪಡೆದ ಯಾರೋ ಏನೋ ಮಾಡಿದರೆ ವಿಚಾರಣೆ ಬರುವುದು ನಿಮ್ಮ ಹತ್ತಿರ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಕಚೇರಿಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು, ಅದರಲ್ಲಿ ಪಟ್ಟಿ ಮಾಡಿದ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಹೀಗೆ ಮರೆಯಾದ ಫೋನುಗಳ ಲೆಕ್ಕ ಆ ಲಾಗಿನಲ್ಲಿ ಎಲ್ಲಿಂದ ಬರಬೇಕು?

ಇನ್ನು ಬೀಗದ ವಿಷಯ. ಹಳೇ ರೂಟರುಗಳಲ್ಲಿ ಡಬ್ಲ್ಯೂಪಿಎಸ್ ಅಂತ ಒಂದು ಇದೆ, ಪಾಸ್‌ವರ್ಡ್ ಬದಲು ವೈಫೈಗೆ ಸೇರಲು 8 ಅಂಕಿಯ ಪಿನ್. 8 ಅಂಕಿ ಅಂದರೆ ಭದ್ರ ಅನ್ನಿಸುತ್ತದೆ, ಅಲ್ವಾ? ರೂಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಉಳಿದ ಏಳರ ಲೆಕ್ಕದಿಂದಲೇ ಬರುತ್ತದೆ. ಹಾಗಾಗಿ 11,000 ಪ್ರಯತ್ನದೊಳಗೆ ಪಿನ್ ಸಿಗುತ್ತದೆ ಅಂತ 2011ರಲ್ಲೇ ಬಯಲಾಯಿತು. ವೈಫೈ ಗೋಡೆಯ ಹತ್ತಿರ ಬಂದು ನಿಲ್ಲುವುದಿಲ್ಲ. ಆಫೀಸಿನ ಮುಂಬಾಗಿಲಿಗೆ ಎಷ್ಟೇ ದುಬಾರಿ ಫೈರ್‌ವಾಲ್ ಹಾಕಿದ್ದರೂ ಪಾರ್ಕಿಂಗ್ ಜಾಗದಲ್ಲಿ ನಿಂತವರು ನಿಮ್ಮ ರೂಟರಿನ ಮೂಲಕ ನೇರ ಒಳಗೆ ಬರಬಹುದು. ಅಮೆರಿಕದ ಟಿಜೆಎಕ್ಸ್ ಎಂಬ ಅಂಗಡಿ ಸಂಸ್ಥೆಗೆ ಕಳ್ಳರು ನುಗ್ಗಿದ್ದು ದುರ್ಬಲ ವೈಫೈ ಮೂಲಕ. 2007ರಲ್ಲಿ ಸುದ್ದಿ ಹೊರಬಂದಾಗ ಕನಿಷ್ಠ 4 ಕೋಟಿ 57 ಲಕ್ಷ ಕಾರ್ಡುಗಳ ವಿವರ ಹೋಗಿತ್ತು. ಅದು ಯಾರೋ ನೌಕರರು ತಂದ ರೂಟರ್ ಅಲ್ಲ, ಸಂಸ್ಥೆಯದೇ ವೈಫೈ. ನೋಡಿಕೊಳ್ಳುವವರು ಇದ್ದ ಕಡೆಯೇ ಹೀಗಾದರೆ ಯಾರಿಗೂ ಗೊತ್ತಿಲ್ಲದ ರೂಟರಿನ ಗತಿ ಏನು?

ಇಷ್ಟೆಲ್ಲ ಹೇಳಿದ ಮೇಲೂ ರೂಟರ್ ತಂದವರಿಗೆ ಮೆಮೋ ಕೊಡುವುದನ್ನು ನಾನು ಒಪ್ಪುವುದಿಲ್ಲ. ಯಾರೂ ಖುಷಿಗೆ ಮನೆಯಿಂದ ರೂಟರ್ ಹೊತ್ತು ತರುವುದಿಲ್ಲ. ಹಳೇ ಕಟ್ಟಡದ ದಪ್ಪ ಗೋಡೆ, ಕಾರಿಡಾರಿಗೆ ಒಂದೇ ಆಕ್ಸೆಸ್ ಪಾಯಿಂಟ್ (ಆಫೀಸಿನ ವೈಫೈ ಹರಡುವ ಪೆಟ್ಟಿಗೆ), ಮೂಲೆಯ ಕೋಣೆಯಲ್ಲಿ ಆನ್‌ಲೈನ್ ಕ್ಲಾಸ್. ಮೂರು ಸಲ ದೂರು ಕೊಟ್ಟರೂ ಯಾರೂ ಬಂದು ನೋಡದಿದ್ದರೆ ಮನುಷ್ಯ ತನ್ನ ದಾರಿ ತಾನು ಹುಡುಕಿಕೊಳ್ಳುತ್ತಾನೆ. ಒಂದು ಕೋಣೆಯಲ್ಲಿ ಅಂಥ ರೂಟರ್ ಸಿಕ್ಕರೆ ಅಲ್ಲಿಗೆ ನಮ್ಮ ವೈಫೈ ತಲುಪುತ್ತಿಲ್ಲ ಅಂತಲೇ ನಾನು ಬರೆದುಕೊಳ್ಳುತ್ತೇನೆ. ರೂಟರ್ ವಾಪಸ್ ಕೊಡುವ ದಿನವೇ ಅಲ್ಲಿ ಸಿಗ್ನಲ್ ಅಳೆಯಬೇಕು. ಸುಮ್ನೆ ಕಿತ್ತುಕೊಂಡು ಹೋದರೆ ಮುಂದಿನ ವಾರ ಇನ್ನೊಂದು ಬರುತ್ತದೆ, ಈ ಸಲ ಯಾರಿಗೂ ಕಾಣದ ಹಾಗೆ ಎಸ್‌ಎಸ್‌ಐಡಿ, ಅಂದರೆ ವೈಫೈ ಹೆಸರನ್ನೇ, ಮರೆಮಾಡಿರುತ್ತಾರೆ.

ನನ್ನ ಥರದ ಕೆಲಸದಲ್ಲಿ ಇರುವವರಿಗೆ: ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಸೌಲಭ್ಯ ಇದ್ದರೆ ಇವತ್ತೇ ಆನ್ ಮಾಡಿ. ನಿಮ್ಮ ಸರ್ವರ್ ಇರುವ ಕಡೆಯ ಪೋರ್ಟುಗಳನ್ನು ಮಾತ್ರ ನಂಬಲು ಹೇಳಿದರೆ ಬೇರೆ ಪೋರ್ಟಿನಿಂದ ಬರುವ ಅಡ್ರೆಸ್ ಹಂಚಿಕೆ ಅಲ್ಲೇ ನಿಲ್ಲುತ್ತದೆ.

ರೂಟರ್ ಇಟ್ಟುಕೊಂಡಿರುವವರಿಗೆ: ಅದನ್ನು ತೆಗೆದು ಐಟಿಯವರಿಗೆ ಒಂದು ಮೇಲ್ ಹಾಕಿ. "ನೆಟ್ ಸ್ಲೋ" ಅಂತಷ್ಟೇ ಬರೆಯಬೇಡಿ. ಯಾವ ಕೋಣೆ, ಯಾವ ಮೂಲೆ, ಎಷ್ಟು ಗಂಟೆಗೆ, ಯಾವ ಕೆಲಸ ನಿಲ್ಲುತ್ತದೆ, ಎಷ್ಟು ಜನರಿಗೆ ತೊಂದರೆ ಅಂತ ಬರೆಯಿರಿ. ನಿಮ್ಮ ಮುಖ್ಯಸ್ಥರಿಗೂ ಒಂದು ಕಾಪಿ ಕಳಿಸಿ. ಹೊಸ ಆಕ್ಸೆಸ್ ಪಾಯಿಂಟಿಗೆ ದುಡ್ಡು ಕೇಳಲು ಹೋದಾಗ ನಮ್ಮ ಕೈಯಲ್ಲಿ ಇರಬೇಕಾದ ಕಾಗದ ಅದೇ.